ಶಾರ್ಟ್ಸ್ ಓಡ್ತಾವ, ಪೂರ್ತಿ ಹಾಡ್ಕಿ ಯಾರೂ ನೋಡಂಗಿಲ್ಲ: ಗೀಗೀ ಮೇಳದವರಿಗೆ ದಾರಿ ಹೇಳ್ರಿ

ಜಮಖಂಡಿ_ದಪ್ಪು:
ನಮ್ಮದು ಗೀಗೀ ಪದ ಹಾಡೋ ಹರದೇಶಿ ಮೇಳ, ಅಂದ್ರ ಶಿವನ ಪಕ್ಷ. ಜಾತ್ರ್ಯಾಗ ಶಕ್ತಿ ಪಕ್ಷದ ನಾಗೇಶಿ ಮೇಳದ ಜೋಡಿ ರಾತ್ರಿಯೆಲ್ಲ ಹಾಡಿನಾಗ ಸವಾಲ್-ಜವಾಬ್ ಇರತೈತಿ. ಯೂಟ್ಯೂಬಿಗೆ ಮೂರು ತಾಸಿನ ವಿಡಿಯೊ ಹಾಕಿದ್ರ ಸರಾಸರಿ ಎರಡು ನಿಮಿಷಕ್ಕ ಮಂದಿ ಎದ್ದು ಹೋಗ್ತಾರ. ಶಾರ್ಟ್ಸ್ ಸಾವಿರಗಟ್ಟಲೆ ಓಡ್ತಾವ, ಆದ್ರ ಅಲ್ಲಿಂದ ಚಾನೆಲ್ಲಿಗೆ ಯಾರೂ ಬರಂಗಿಲ್ಲ. ಧ್ವನಿ ಮೊಬೈಲಿನಾಗ ಹಿಡೀತೀವಿ. ಏನು ಬದಲಿ ಮಾಡಬೇಕು?

ಬಾದಾಮಿ_ಬನ:
ಯೂಟ್ಯೂಬ್ ಸ್ಟುಡಿಯೊದಾಗ ಆ ವಿಡಿಯೊದ ರಿಟೆನ್ಶನ್ ಗೆರಿ (ಯಾವ ಹೊತ್ತಿಗೆ ಎಷ್ಟು ಮಂದಿ ಇನ್ನೂ ನೋಡಾಕತ್ತಾರ ಅನ್ನೂದು) ತಗದು ನೋಡ್ರಿ. ಮೊದಲ ಅರ್ಧ ನಿಮಿಷದಾಗ ಗೆರಿ ಧಡಕ್ಕನ ಬಿದ್ದಿದ್ರ ಕಾರಣ ಹಾಡು ಅಲ್ಲ. ಮಾಲಾರ್ಪಣೆ, ಕಮಿಟಿಯವರ ಹೆಸರು, ಕಾಣಿಕಿ ಕೊಟ್ಟವರ ಘೋಷಣೆ ವಿಡಿಯೊದ ಮುಂದ ಕುಂತಿರತಾವ. ಅಂಗಳದಾಗ ಅದು ಮರ್ಯಾದಿ, ಬೇಕೇ ಬೇಕು. ಆದ್ರ ಗೋವಾದಾಗ ಕೆಲಸ ಮುಗಿಸಿ ರಾತ್ರಿ ಮೊಬೈಲ್ ಹಿಡದವ ಹಾಡು ಹುಡುಕತಾನ. ಸ್ತುತಿ ಪದ ಬ್ಯಾರೆ ವಿಡಿಯೊ ಮಾಡ್ರಿ, ಮುಂಜಾನೆ ಕೇಳವರು ಅದಾರ.

ಒಂದು ಸವಾಲು, ಅದರ ಜವಾಬು, ಇಷ್ಟಕ್ಕೇ ಒಂದು ವಿಡಿಯೊ. 12ರಿಂದ 20 ನಿಮಿಷ. ಶಾರ್ಟ್ಸಿನಾಗ ಸವಾಲು ಮಾತ್ರ ಇರಲಿ: ಹಿಮ್ಮೇಳದ ‘ಗೀಯ ಗಾ ಗೀಯ’ ಏಳುತ್ತಲೇ ಕತ್ತರಸ್ರಿ, ಜವಾಬು ತೋರಸಬ್ಯಾಡ್ರಿ. ಆಮೇಲೆ ಸ್ಟುಡಿಯೊದಾಗ ಆ ಶಾರ್ಟ್ಸಿಗೆ ‘ರಿಲೇಟೆಡ್ ವಿಡಿಯೊ’ ಅಂತ ಉದ್ದದ ವಿಡಿಯೊ ಜೋಡಸ್ರಿ. ಇದನ್ನ ಬಿಟ್ಟವರೇ ಬಾಳ. 2023ರಿಂದ ಶಾರ್ಟ್ಸಿನ ಕಮೆಂಟಿನಾಗ ಹಾಕಿದ ಲಿಂಕ್ ಒತ್ತಿದ್ರ ತೆರಿಯಂಗಿಲ್ಲ, ‘ಪೂರ್ತಿ ಚಾನೆಲ್ಲಿನಾಗ ಐತಿ’ ಅಂತ ಬರದ್ರ ಹುಡುಕಿಕೊಂಡು ಯಾರೂ ಬರಂಗಿಲ್ಲ.

ಹೆಸರು ‘ಸೂಪರ್ ಹಾಡು ಭಾಗ 7’ ಅಂತ ಇಡಬ್ಯಾಡ್ರಿ. ಸವಾಲನ್ನೇ ಹೆಸರು ಮಾಡ್ರಿ: ‘ಶಿವ ದೊಡ್ಡವನೋ ಶಕ್ತಿ ದೊಡ್ಡಾಕಿಯೋ’. ಕೆಳಗ ಊರಿನ ಹೆಸರು, ಗೀಗೀ, ಗಿಗಿ ಎರಡೂ ಬರಹ, ಇಂಗ್ಲಿಷ್ ಅಕ್ಷರದಾಗ ಮತ್ತೊಮ್ಮೆ. ಮಂದಿ ಮೂರೂ ನಮೂನಿ ಟೈಪ್ ಮಾಡತಾರ.

ಬೆಳಗಾವಿ_ಸೌಂಡ್:
ಮೇಲಿನದೆಲ್ಲ ಸರಿ, ಆದರೆ ಧ್ವನಿ ಕೆಟ್ಟಿದ್ದರೆ 12 ನಿಮಿಷವೂ ನಿಲ್ಲುವುದಿಲ್ಲ. ಮೊಬೈಲಿನ ಮೈಕ್ ತಾನೇ ಗೇನ್ (ಧ್ವನಿ ಹಿಡಿಯುವ ಮಟ್ಟ) ಏರಿಸಿ ಇಳಿಸುತ್ತದೆ. ದಪ್ಪಿನ ಒಂದು ಗಟ್ಟಿ ಪೆಟ್ಟು ಬಿದ್ದ ಕೂಡಲೇ ಗೇನ್ ಕುಸಿಯುತ್ತದೆ, ಅದರ ಬೆನ್ನಿಗೇ ಬರುವ ಹಾಡಿನ ಮೊದಲ ಎರಡು ಅಕ್ಷರ ಮುಳುಗಿಹೋಗುತ್ತವೆ. ಪ್ರತಿ ಸಾಲಿನಲ್ಲೂ ಹೀಗೆ. ಕೇಳುವವರಿಗೆ ಏನು ತಪ್ಪಿದೆ ಎಂದು ಹೇಳಲು ಬರುವುದಿಲ್ಲ, ಸುಮ್ಮನೆ ಮುಂದಿನ ವಿಡಿಯೊಗೆ ಹೋಗುತ್ತಾರೆ.

ಮಿಕ್ಸರಿನಲ್ಲಿ ಧ್ವನಿ ಹೊರಗೆ ಕೊಡುವ ಹೆಚ್ಚುವರಿ ತೂತಾದ ಆಕ್ಸ್ ಔಟ್‌ನಿಂದ ಒಂದು ಸಣ್ಣ ರೆಕಾರ್ಡರಿಗೆ ತಂತಿ ಎಳೆಯಿರಿ. ಮೊಬೈಲಿನ ಇಯರ್‌ಫೋನ್ ತೂತಿಗೆ ನೇರ ಚುಚ್ಚಬೇಡಿ. ಅದು ಮೈಕಿನ ಸಣ್ಣ ಸಿಗ್ನಲ್‌ಗೆ ಮಾಡಿದ್ದು, ಲೈನ್ ಸಿಗ್ನಲ್ ಬಂದರೆ ಧ್ವನಿ ಒಡೆಯುತ್ತದೆ. ಅತಿ ಜೋರಿನ ಪೆಟ್ಟು ಮೈನಸ್ 12 ಡೆಸಿಬಲ್ ದಾಟದ ಹಾಗೆ ಮಟ್ಟ ಇಡಿ, ಸ್ಯಾಂಪಲ್ ರೇಟ್ 48 ಕಿಲೊಹರ್ಟ್ಸ್. ತುಂತುಣಿ ಮತ್ತು ಹಿಮ್ಮೇಳಕ್ಕೆ ಮೂರ್ನಾಲ್ಕು ಅಡಿ ದೂರದಲ್ಲಿ ಬೇರೆ ಮೈಕ್ ಇರಲಿ, ಇಲ್ಲವಾದರೆ ರೆಕಾರ್ಡಿಂಗಿನಲ್ಲಿ ಮುಮ್ಮೇಳ ಒಂಟಿಯಾಗುತ್ತದೆ. ಪ್ರತಿ ಪದದ ಮೊದಲು ಕ್ಯಾಮೆರಾ ಎದುರು ಒಂದು ಚಪ್ಪಾಳೆ ಹೊಡೆಯಿರಿ, ಚಿತ್ರ ಮತ್ತು ಧ್ವನಿ ಹೊಂದಿಸಲು ಅದೇ ಗುರುತು. ರಾತ್ರಿಗೆ ಒಂದೇ ಸಲ ಹೊಡೆದರೆ ಸಾಲದು, ಎರಡು ಯಂತ್ರಗಳ ಗಡಿಯಾರ ತಾಸುಗಟ್ಟಲೆ ಓಡಿದಾಗ ತುಟಿ ಮತ್ತು ಧ್ವನಿ ಬೇರೆಯಾಗುತ್ತವೆ.

ಇಂಡಿ_ಕಡೆ:
ಜಾಹೀರಾತಿನ ರೊಕ್ಕದ ಲೆಕ್ಕ: 1,000 ಸಬ್‌ಸ್ಕ್ರೈಬರ್, ಜೊತಿಗೆ 12 ತಿಂಗಳಾಗ 4,000 ತಾಸು ನೋಡಿರಬೇಕು. ಶಾರ್ಟ್ಸ್ ಫೀಡಿನಾಗ ನೋಡಿದ್ದು ಈ ತಾಸಿನಾಗ ಬರಂಗಿಲ್ಲ. ಒಬ್ಬೊಬ್ಬರು 12 ನಿಮಿಷ ನೋಡಿದ್ರ 20,000 ವೀಕ್ಷಣೆ ಸಾಕು, ಎರಡೇ ನಿಮಿಷ ನೋಡಿದ್ರ 1,20,000 ಬೇಕು.

ಆದ್ರ ಮೇಳ ನಡಿಯೂದು ಸುಪಾರಿ (ಹಾಡಾಕ ಕರಿಯೋ ಬುಕಿಂಗ್) ಮ್ಯಾಲ. ಅದಕ್ಕ ಕೇಳವರ ಫೋನ್ ನಂಬರ್ ನಿಮ್ಮ ಕೈಯಾಗ ಇರಬೇಕು. ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಮಂದಿ, ಅದೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮುಟ್ಟತೈತಿ. ಹಿಂಗಾಗಿ ವೇದಿಕಿ ಮ್ಯಾಲ ‘ಸಬ್‌ಸ್ಕ್ರೈಬ್ ಮಾಡ್ರಿ’ ಅನ್ನೂದಕ್ಕಿಂತ ‘ನಂಬರ್ ಸೇವ್ ಮಾಡಿಕೊಳ್ರಿ’ ಅನ್ರಿ. ಕ್ಯೂಆರ್ ಹಾಕೂದಿದ್ರ ದೂರದ ಹತ್ತನೇ ಒಂದು ಪಾಲು ಅಗಲ ಬೇಕು: 20 ಅಡಿಗೆ 2 ಅಡಿ. ಹೊಳಿಯೋ ಲ್ಯಾಮಿನೇಶನ್ ಬ್ಯಾಡ. ಫೋಕಸ್ ಲೈಟ್ ಅದರ ಮ್ಯಾಲ ಬಡದ್ರ ನಡುವ ಬಿಳಿ ಮಚ್ಚಿ ಆಗಿ ಸ್ಕ್ಯಾನ್ ಆಗಂಗಿಲ್ಲ. ಮಂಕು ಫ್ಲೆಕ್ಸ್, ಬಿಳಿ ಮ್ಯಾಲ ಕರಿ.

ಹೊಸ ವಿಡಿಯೊ ಜಾತ್ರಿ ಆದಮ್ಯಾಲ ಅಲ್ಲ, ಮೊದಲ ಬಿಡ್ರಿ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರಿ, ಬನದ ಹುಣ್ಣಿಮಿಗೆ ಬನಶಂಕರಿ, ಭಾರತ ಹುಣ್ಣಿಮಿಗೆ ಸವದತ್ತಿ. ಆ ಹಂಗಾಮಿನಾಗ ಸುತ್ತಲಿನ ಊರ ಕಮಿಟಿಯವರು ಮೇಳ ಹುಡುಕತಿರತಾರ.

ಜಮಖಂಡಿ_ದಪ್ಪು:
ಇನ್ನೊಂದು. ಸಿನಿಮಾ ಮಟ್ಟಿನ (ಧಾಟಿಯ) ಮ್ಯಾಲ ಕಟ್ಟಿದ ಎರಡು ಪದಕ್ಕ ‘ಹಕ್ಕು ನಮ್ಮದು’ ಅಂತ ಯೂಟ್ಯೂಬಿನಾಗ ಕ್ಲೇಮ್ ಬಂದೈತಿ. ಚಾನೆಲ್ ಹೋಗತೈತೇನು?

ಬೆಳಗಾವಿ_ಸೌಂಡ್:
ಕ್ಲೇಮ್ ಬೇರೆ, ಚಾನೆಲ್ಲಿಗೆ ಕುತ್ತು ತರುವ ಸ್ಟ್ರೈಕ್ ಬೇರೆ. ಹಾಡು ಯಾರದೆಂದು ಗುರುತಿಸುವ ಯೂಟ್ಯೂಬಿನ ವ್ಯವಸ್ಥೆ ಕಂಟೆಂಟ್ ಐಡಿ ಮಟ್ಟನ್ನೂ ಗುರುತಿಸುತ್ತದೆ, ಸಾಮಾನ್ಯವಾಗಿ ಆ ವಿಡಿಯೊದ ಆದಾಯ ಹಕ್ಕುದಾರರಿಗೆ ಹೋಗುತ್ತದೆ, ಅಷ್ಟೇ. ಮಟ್ಟು ನಿಜವಾಗಿ ಅವರದೇ ಆದ್ದರಿಂದ ತಕರಾರು ಹಾಕಬೇಡಿ. ಹಳೆಯ ಮಟ್ಟಿನ ಪದಕ್ಕೆ ತಪ್ಪು ಕ್ಲೇಮ್ ಬಂದರೆ ಮಾತ್ರ ಹಾಕಿ, ಉತ್ತರಿಸಲು ಅವರಿಗೆ 30 ದಿನ ಇರುತ್ತದೆ. ಡಿಸ್ಟ್ರಿಬ್ಯೂಟರ್ (ಹಾಡನ್ನು ಆನ್‌ಲೈನ್ ತಾಣಗಳಿಗೆ ತಲುಪಿಸುವ ಕಂಪನಿ) ಮೂಲಕ ಹಾಡು ಬಿಡುವಾಗ ಪರಂಪರೆಯ ಮಟ್ಟುಗಳಿಗೆ ಕಂಟೆಂಟ್ ಐಡಿ ಚೌಕಕ್ಕೆ ಟಿಕ್ ಹಾಕಲೇಬೇಡಿ. ಹಾಕಿದರೆ ಅದೇ ಮಟ್ಟಿನಲ್ಲಿ ಹಾಡಿದ ಪಕ್ಕದೂರಿನ ಮೇಳಕ್ಕೆ ನಿಮ್ಮ ಹೆಸರಿನಲ್ಲಿ ಕ್ಲೇಮ್ ಹೋಗಬಹುದು.