‘ರೆಟ್ರೋಫಿಟಿಂಗ್’ಗೆ ‘ದುರಸ್ತಿ’ ಅಂದರೆ ಸಾಕೇ?

ಗೆಳೆಯರೇ, ನಮಸ್ಕಾರ.

ಭೂಕಂಪದಲ್ಲಿ ಪೆಟ್ಟು ತಿಂದ ಶಾಲೆ, ಆಸ್ಪತ್ರೆ, ಕಚೇರಿಗಳನ್ನು ಮತ್ತೆ ಗಟ್ಟಿ ಮಾಡುವ ಬಗ್ಗೆ ಒಂದು ಕಿರುಪುಸ್ತಕವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಬೀದರ್, ಕಲಬುರಗಿ ಕಡೆಯ ಮೇಷ್ಟ್ರುಗಳು, ಪಂಚಾಯಿತಿ ಸದಸ್ಯರು, ಮೇಸ್ತ್ರಿಗಳು ಓದಲಿ ಅಂತ. ‘ಸೀಸ್ಮಿಕ್ ರೆಟ್ರೋಫಿಟಿಂಗ್’ಗೆ ಯಾವ ಮಾತು ಬಳಸಲಿ?

ಪತ್ರಿಕೆಗಳಲ್ಲಿ ದುರಸ್ತಿ, ನವೀಕರಣ, ಬಲವರ್ಧನೆ ಎಲ್ಲವೂ ಕಾಣುತ್ತವೆ, ಒಂದರ ಜಾಗದಲ್ಲಿ ಇನ್ನೊಂದು. ಆದರೆ ಎಂಜಿನಿಯರುಗಳಿಗೆ ಇವು ಬೇರೆ ಬೇರೆ ಕೆಲಸ. ಭಾರತೀಯ ಮಾನಕ ಬ್ಯೂರೋದ 13935ನೇ ಸಂಹಿತೆ ಇದನ್ನು ಚೆನ್ನಾಗಿ ಬಿಡಿಸಿ ಹೇಳುತ್ತದೆ. ಉದುರಿದ ಪ್ಲಾಸ್ಟರ್ ಬಳಿದು, ಬಾಗಿಲು ಕಿಟಕಿ ಸರಿಪಡಿಸಿ, ಸುಣ್ಣ ಹೊಡೆದರೆ ಅದು ರಿಪೇರಿ. ಕಟ್ಟಡ ನೋಡೋಕೆ ಮೊದಲಿನ ಹಾಗೆ ಆಗುತ್ತದೆ, ಬಲ ಮಾತ್ರ ಬರುವುದಿಲ್ಲ. ಬಿರುಕಿಗೆ ಸಿಮೆಂಟ್ ಹಾಲು ತುಂಬಿ, ಸಡಿಲಾದ ಗೋಡೆ ಬಿಚ್ಚಿ ಕಟ್ಟಿ, ಮೊದಲಿದ್ದಷ್ಟೇ ಬಲ ತರುವುದು ಎರಡನೆಯದು. ಮೊದಲಿಗಿಂತ ಜಾಸ್ತಿ ಬಲ ಕೊಡುವುದು ಮೂರನೆಯದು. ರೆಟ್ರೋಫಿಟಿಂಗ್ ಅಂದರೆ ಇದು.

ಈ ವ್ಯತ್ಯಾಸ ಸುಮ್ನೆ ಪಂಡಿತರ ಜಗಳ ಅಲ್ಲ. ಮೊದಲಿದ್ದ ಬಲ ಸಾಲದ್ದಕ್ಕೇ ತಾನೇ ಕಟ್ಟಡ ಬಿರುಕು ಬಿಟ್ಟದ್ದು? ‘ಶಾಲೆ ದುರಸ್ತಿಯಾಗಿದೆ’ ಅಂತ ಬೋರ್ಡ್ ಹಾಕಿದರೆ ಊರಿನವರು ನಿಶ್ಚಿಂತೆಯಿಂದ ಮಕ್ಕಳನ್ನು ಕಳಿಸುತ್ತಾರೆ. ಒಳಗೆ ಗೋಡೆ ಹಳೆಯ ಗೋಡೆಯೇ.

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಆದ ಭೂಕಂಪ ಬೀದರ್ ಕಡೆಯವರಿಗೆ ನೆನಪಿದೆ. ಅಲ್ಲಿನ ಮನೆಗಳ ಕಲ್ಲಿನ ಗೋಡೆ ಎರಡು ಪದರದ್ದು. ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು, ನಡುವೆ ಚೂರುಗಲ್ಲು ಮತ್ತು ಮಣ್ಣು. ಎರಡನ್ನೂ ಹಿಡಿದಿಡುವ ಉದ್ದ ಕಲ್ಲು ಇರಲಿಲ್ಲ. ನೆಲ ಅಲುಗಿದಾಗ ಎರಡು ಪದರ ಬೇರೆಯಾಗಿ ಉಬ್ಬಿದವು, ಮೇಲಿನ ಮಣ್ಣಿನ ಮಾಳಿಗೆ ಅಷ್ಟೂ ಭಾರದ ಸಮೇತ ಮಲಗಿದವರ ಮೇಲೆ ಬಿತ್ತು. ಸತ್ತವರು ಸುಮಾರು 10,000.

ಇಂಥ ಗೋಡೆ ಇನ್ನೂ ನಿಂತಿದ್ದರೆ ಅದನ್ನು ಗಟ್ಟಿ ಮಾಡುವ ಬಗೆ ಹೀಗೆ. ಒಂದೊಂದೇ ಕಲ್ಲನ್ನು ಮೆಲ್ಲಗೆ ಸಡಿಲಿಸಿ ತೆಗೆದು ಗೋಡೆಯ ಈ ಮೈಯಿಂದ ಆ ಮೈಗೆ ತೂತು ಮಾಡುತ್ತಾರೆ. ಸುತ್ತಿಗೆಯಿಂದ ಬಡಿಯುವ ಹಾಗಿಲ್ಲ, ಪಕ್ಕದ ಕಲ್ಲೂ ಸಡಿಲಾಗುತ್ತದೆ. ಎರಡೂ ತುದಿ ಬಾಗಿಸಿದ ಕಬ್ಬಿಣದ ಕಂಬಿ ಇಟ್ಟು ತೂತಿಗೆ ಕಾಂಕ್ರೀಟ್ ತುಂಬುತ್ತಾರೆ. ಮಾಳಿಗೆಯ ಮಣ್ಣು ಇಳಿಸಿ ಭಾರ ಕಡಿಮೆ ಮಾಡುತ್ತಾರೆ. ಬಾಗಿಲಿನ ಮೇಲ್ಮಟ್ಟದಲ್ಲಿ ಕಟ್ಟಡದ ಸುತ್ತ ವೆಲ್ಡ್ ಮೆಶ್ (ಬೆಸೆದ ತಂತಿಯ ಜಾಲರಿ) ಪಟ್ಟಿ ಬಿಗಿದು ಗಾರೆ ಮೆತ್ತುತ್ತಾರೆ, ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಾ ಬಿಗಿದ ಹಾಗೆ. ಇದಕ್ಕೆಲ್ಲ ‘ದುರಸ್ತಿ’ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

‘ನವೀಕರಣ’ ಇನ್ನೂ ಕಷ್ಟ. ಅದು ಟೈಲ್ಸ್, ಪೇಂಟ್ ಕೆಲಸಕ್ಕೆ ಅಂಟಿಬಿಟ್ಟಿದೆ. ನೇಪಾಳದವರು ‘ಪ್ರಬಲೀಕರಣ’ ಅನ್ನುತ್ತಾರೆ. ಕಠ್ಮಂಡು ಕಣಿವೆಯಲ್ಲಿ ಹೀಗೆ ಬಲಪಡಿಸಿದ್ದ ಶಾಲೆಗಳು 2015ರ ಭೂಕಂಪವನ್ನು ತಾಳಿಕೊಂಡವು, ಹಾಗಾಗಿ ಆ ಪದಕ್ಕೆ ಅಲ್ಲಿ ತೂಕ ಬಂದಿದೆ. ನಮ್ಮಲ್ಲಿ ‘ಪ್ರಬಲಿತ ಕಾಂಕ್ರೀಟ್’ ಅಂದರೆ ಕಂಬಿ ಹಾಕಿದ ಕಾಂಕ್ರೀಟ್ ಅಂತ ಆಗಿಹೋಗಿದೆ, ಗೊಂದಲ ಆಗಬಹುದು.

ಇನ್ನೊಂದು ಅಂಶ. ರೆಟ್ರೋಫಿಟ್ ಅನ್ನುವುದು ಆಗಲೇ ಇರುವ ಕಟ್ಟಡಕ್ಕೆ ಮಾತ್ರ. 2001ರಲ್ಲಿ ಭುಜ್‌ನ ಆಸ್ಪತ್ರೆ ಕುಸಿದ ಮೇಲೆ ನೆಲದ ಅಲುಗಾಟ ಪೂರ್ತಿ ಮೇಲೇರದಂತೆ ತಡೆಯುವ ರಬ್ಬರ್ ಮತ್ತು ಸೀಸದ ಬೇರಿಂಗುಗಳ ಮೇಲೆ ಕಟ್ಟಿದ್ದು ಹೊಸ ಕಟ್ಟಡ. ಅದು ಇಲ್ಲಿ ಸೇರುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಸಿಟಿ ಹಾಲ್ ಹಾಗಲ್ಲ. 1915ರ ಕಟ್ಟಡ, 1989ರ ಭೂಕಂಪದಲ್ಲಿ ಹಾನಿಯಾಯಿತು. ಅದನ್ನು ಕೆಡವದೆ, ಕಂಬಗಳ ಬುಡ ಕತ್ತರಿಸಿ ಅಡಿಗೆ ಅಂಥ ಬೇರಿಂಗುಗಳನ್ನೇ ಕೂರಿಸಿ 1999ರಲ್ಲಿ ಮತ್ತೆ ತೆರೆದರು. ಅದು ನಿಜವಾದ ರೆಟ್ರೋಫಿಟ್.

‘ಭೂಕಂಪ ನಿರೋಧಕ’ವೂ ನನಗೆ ಒಪ್ಪಿಗೆಯಿಲ್ಲ. ಏನೂ ಆಗದು ಅನ್ನುವ ಭರವಸೆ ಅದರಲ್ಲಿದೆ. ದೊಡ್ಡ ಭೂಕಂಪದಲ್ಲಿ ಗೋಡೆ ಬಿರುಕು ಬಿಡಬಹುದು, ಆದರೆ ಕುಸಿಯಬಾರದು, ಒಳಗಿದ್ದವರು ಜೀವಂತ ಹೊರಬರಬೇಕು. ಗುರಿ ಇಷ್ಟೇ. ಅದಕ್ಕೆ ‘ತಾಳು’ ಸರಿಯಾದ ಕ್ರಿಯಾಪದ ಅನ್ನಿಸುತ್ತದೆ. ಸದ್ಯಕ್ಕೆ ‘ಭೂಕಂಪ ತಾಳುವಂತೆ ಬಲಪಡಿಸುವುದು’ ಅಂತ ಬರೆಯುತ್ತಿದ್ದೇನೆ. ಶೀರ್ಷಿಕೆಗೆ ಉದ್ದವಾಯಿತು. ‘ಬಲವರ್ಧನೆ’ ಚಿಕ್ಕದೇನೋ ಹೌದು, ಆದರೆ ಪಕ್ಷದ ಬಲವರ್ಧನೆ, ಸಂಘದ ಬಲವರ್ಧನೆ ಕೇಳಿ ಕೇಳಿ ಅದು ಸವೆದುಹೋಗಿದೆ, ಅಲ್ವಾ? ‘ಬಲಗಟ್ಟು’ ಅಂದರೆ ತೀರಾ ಹೊಸದಾಯಿತೇ?

2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಸುತ್ತ ನೆಲ ಮತ್ತೆ ಮತ್ತೆ ಕಂಪಿಸಿದಾಗ ಜನ ರಾತ್ರಿ ಹೊರಗೇ ಕಳೆದರು. ಅವರಿಗೆ ಒಂದೇ ಸಲಕ್ಕೆ ಅರ್ಥವಾಗುವ ಮಾತು ಬೇಕು.

ಜೊತೆಗೆ ಇನ್ನೊಂದು ಕೇಳ್ವಿಕೆ. ಗೋಡೆಯ ಎರಡೂ ಮೈಗೆ ಹಾಯುವಂತೆ ಇಡುವ ಉದ್ದ ಕಲ್ಲಿಗೆ ನಿಮ್ಮ ಕಡೆಯ ಮೇಸ್ತ್ರಿಗಳು ಏನನ್ನುತ್ತಾರೆ? ಊರಿನ ಹೆಸರಿನ ಸಮೇತ ತಿಳಿಸಿದರೆ ಹಾಗೇ ಪುಸ್ತಕದಲ್ಲಿ ಸೇರಿಸುತ್ತೇನೆ.