ಸ್ಕರ್ಟಿಂಗ್ ಕೀಳದೆ ಮರದ ನೆಲ ಹಾಕಿದವರು ಇದ್ದೀರಾ? ನಿಮ್ಮ ಅನುಭವ ಹೇಳಿ

ಪ್ರಶ್ನೆ ಕೇಳಿದವರು:
ಮಲಗುವ ಕೋಣೆಗೆ ನಾನೇ ಲ್ಯಾಮಿನೇಟ್ ಹಲಗೆ ಹಾಕಬೇಕು ಅಂತಿದ್ದೇನೆ. 8 ಮಿ.ಮೀ. ದಪ್ಪದ್ದು, ಕ್ಲಿಕ್ ಮಾಡಿ ಕೂಡಿಸುವಂಥದ್ದು. ಗೋಡೆಯ ಬುಡದ ಸುತ್ತ ಹಳೆಯ ಮರದ ಸ್ಕರ್ಟಿಂಗ್ ಪಟ್ಟಿ ಇದೆ. ಗಟ್ಟಿಯಾಗಿದೆ, ಕೀಳಲು ಮನಸ್ಸಿಲ್ಲ. ಆದರೆ ಹಲಗೆಯನ್ನು ಅದಕ್ಕೆ ಒತ್ತಿ ಕೂರಿಸಬಾರದು, ಸುತ್ತ ಸಂದು ಬಿಡಬೇಕು ಅನ್ನುತ್ತಾರೆ. ಆ ಸಂದು ಕಣ್ಣಿಗೆ ಹೊಡೆಯುತ್ತದಲ್ವಾ? ನೀವೆಲ್ಲ ಹೇಗೆ ಮಾಡಿದಿರಿ?

ಮೊದಲು ಉತ್ತರಿಸಿದವರು:
ಸಂದು ಬಿಡಲೇಬೇಕು. ನಾನು ಬಿಡದೆ ಅನುಭವಿಸಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಮೊದಲ ಕೋಣೆಯಲ್ಲಿ ಕೂದಲೆಳೆಯಷ್ಟೂ ಜಾಗ ಕಾಣದ ಹಾಗೆ ಅಳೆದು ಕೊಯ್ದಿದ್ದೆ. ನೋಡಲು ಬಹಳ ಚೆಂದ ಇತ್ತು. ಗಾಳಿಯಲ್ಲಿ ತೇವ ಹೆಚ್ಚಾದ ದಿನಗಳು ಬಂದವು, ನೆಲದ ನಡುಭಾಗ ಉಬ್ಬಿಕೊಂಡಿತು. ಕಾಲಿಟ್ಟರೆ ಕೆಳಗೆ ಟೊಳ್ಳು ಸದ್ದು. ಈ ಹಲಗೆಗಳ ಒಳಗಿರುವುದು ಒತ್ತಿ ಮಾಡಿದ ಮರದ ನಾರು, ತೇವ ಹೀರಿ ಹಿಗ್ಗುತ್ತದೆ. ಎಲ್ಲವೂ ಒಂದಕ್ಕೊಂದು ಸಿಕ್ಕಿಕೊಂಡಿರುವುದರಿಂದ ಇಡೀ ನೆಲ ಒಂದೇ ಹಾಳೆಯ ಹಾಗೆ ಸರಿಯುತ್ತದೆ. ಪಕ್ಕಕ್ಕೆ ಜಾಗ ಇಲ್ಲದಿದ್ದರೆ ಮೇಲಕ್ಕೇ ಏಳಬೇಕು. ಕೊನೆಗೆ ಅಂಚಿನ ಹಲಗೆಗಳನ್ನು ಬಿಚ್ಚಿ, 10 ಮಿ.ಮೀ. ಕೊಯ್ದು ಹಾಕಿದ ಮೇಲೆ ನಿಧಾನವಾಗಿ ಕೂತುಕೊಂಡಿತು. ನಿಮ್ಮ ಹಲಗೆಯ ಪೆಟ್ಟಿಗೆಯ ಮೇಲೆ ಎಷ್ಟು ಬಿಡಬೇಕು ಅಂತ ಬರೆದಿರುತ್ತದೆ. ಸಾಮಾನ್ಯವಾಗಿ 8ರಿಂದ 12 ಮಿ.ಮೀ.

ಆ ಸಂದಿನ ಮೇಲೆ ಬೀಡಿಂಗ್ ಪಟ್ಟಿ ಹೊಡೆದೆ. ಪಟ್ಟಿ ಸಂದಿಗಿಂತ ಅಗಲ ಇರಲಿ. 10ರ ಸಂದಿಗೆ 15 ಆದರೂ ಬೇಕು, ಒಣಹವೆಯಲ್ಲಿ ನೆಲ ಕುಗ್ಗಿದಾಗಲೂ ಮುಚ್ಚಿರಬೇಕಲ್ವಾ. ಮೊಳೆ ಸ್ಕರ್ಟಿಂಗ್‌ಗೆ ಹೊಡೆಯಿರಿ, ನೆಲಕ್ಕೆ ಖಂಡಿತ ಬೇಡ. ನೆಲಕ್ಕೆ ಹೊಡೆದರೆ ಅದು ಅಲುಗಾಡದ ಹಾಗೆ ಕಟ್ಟಿಹಾಕಿದಂತೆ, ಸಂದು ಬಿಟ್ಟೂ ಉಪಯೋಗವಿಲ್ಲ. ಬಣ್ಣದ ವಿಷಯ: ಎಲ್ಲರೂ ನೆಲದ ಬಣ್ಣದ ಪಟ್ಟಿ ತರುತ್ತಾರೆ. ನಾನು ಸ್ಕರ್ಟಿಂಗ್ ಬಣ್ಣವನ್ನೇ ಬಳಿದೆ. ಎರಡೂ ಸೇರಿ ಒಂದೇ ಅಗಲ ಸ್ಕರ್ಟಿಂಗ್ ಹಾಗೆ ಕಾಣುತ್ತದೆ. ಹೊಡೆಯುವ ಮೊದಲೇ ಬಣ್ಣ ಬಳಿದುಕೊಂಡರೆ ನೆಲಕ್ಕೆ ತಾಗುವುದಿಲ್ಲ.

ಇನ್ನೊಬ್ಬರು:
ನನಗೆ ಬೀಡಿಂಗ್ ಇಷ್ಟವಾಗಲಿಲ್ಲ. ಸ್ಕರ್ಟಿಂಗ್‌ನ ಅಡಿಯನ್ನೇ ಕೊಯ್ದು ಹಲಗೆಯನ್ನು ಒಳಗೆ ತೂರಿಸಿದೆ. ಬ್ಲೇಡ್ ಅತ್ತಿತ್ತ ನಡುಗುವ ಮಲ್ಟಿಟೂಲ್ ಬಾಡಿಗೆಗೆ ತಂದಿದ್ದೆ. ನೆಲದ ಮೇಲೆ, ಹಲಗೆಯ ಕೆಳಗೆ ಹಾಸುವ ಫೋಮ್‌ನ ಚೂರು, ಅದರ ಮೇಲೆ ಒಂದು ಹಲಗೆ ಚೂರು ಇಟ್ಟು, ಬ್ಲೇಡನ್ನು ಅದಕ್ಕೆ ಒರಗಿಸಿ ಕೊಯ್ದರೆ ಎತ್ತರ ಎಲ್ಲ ಕಡೆ ಒಂದೇ ಬರುತ್ತದೆ. ಮೂಲೆಗೆ ಬ್ಲೇಡ್ ಹೋಗುವುದಿಲ್ಲ, ಉಳಿ ಹಿಡಿಯಬೇಕು. ಧೂಳು ವಿಪರೀತ.

ಇದಕ್ಕೆ ಸ್ಕರ್ಟಿಂಗ್ ಕಡಿಮೆ ಅಂದರೂ 15 ಮಿ.ಮೀ. ದಪ್ಪ ಇರಬೇಕು. ಹಲಗೆ 5 ಮಿ.ಮೀ. ಒಳಗೆ ಹೋಗಿ, ಗೋಡೆಗೆ ಇನ್ನೂ 10 ಉಳಿಯಬೇಕು ನೋಡಿ. ಕೊನೆಯ ಸಾಲಿನಲ್ಲಿ ಸಿಕ್ಕಿಬೀಳುತ್ತೀರಿ. ಕ್ಲಿಕ್ ಹಲಗೆಯನ್ನು ಓರೆಯಾಗಿ ಎತ್ತಿ ಕೂಡಿಸಬೇಕು, ಸ್ಕರ್ಟಿಂಗ್ ಅಡಿಯಲ್ಲಿ ಎತ್ತಲು ಜಾಗ ಎಲ್ಲಿ? ನಾನು ಆ ಒಂದು ಗೋಡೆಯ ಸ್ಕರ್ಟಿಂಗ್ ಮಾತ್ರ ಕಿತ್ತು, ಅದರ ಅಡಿಯನ್ನೂ ಅಷ್ಟೇ ಕೊಯ್ದು, ನೆಲ ಮುಗಿದ ಮೇಲೆ ಮತ್ತೆ ಹೊಡೆದೆ. ಮೇಲಿನ ಅಂಚು ಉಳಿದ ಗೋಡೆಗಳ ಜೊತೆ ಒಂದೇ ಮಟ್ಟಕ್ಕೆ ಬಂತು.

ಬಡಗಿ ಕೆಲಸ ಮಾಡುವವರು:
ಇಬ್ಬರು ಹೇಳಿದ್ದೂ ಸರಿ. ಆದರೆ ಬಾಗಿಲ ಹತ್ತಿರ ಎರಡು ದಾರಿ ಇಲ್ಲ. ಚೌಕಟ್ಟಿನ ಸುತ್ತ ಹಲಗೆಯನ್ನು ಎಷ್ಟು ನಾಜೂಕಾಗಿ ಕೊರೆದರೂ ಗೆರೆ ಕಾಣುತ್ತದೆ, ಅಲ್ಲಿ ಬೀಡಿಂಗ್ ಹೊಡೆದರೆ ಇನ್ನೂ ಕೆಟ್ಟದಾಗಿರುತ್ತದೆ. ಚೌಕಟ್ಟು ಮರದ್ದಾದರೆ ಅದರ ಕಾಲನ್ನೇ ಕೊಯ್ಯಿರಿ. ಅದೇ ಫೋಮ್, ಹಲಗೆ ಚೂರಿನ ಮೇಲೆ ಕೈಗರಗಸ ಮಲಗಿಸಿ ಕೊಯ್ದರೆ ಸಾಕು. ನೋಡುವವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಬಾಗಿಲು ಒಳಕ್ಕೆ ತೆರೆಯುವುದಾದರೆ ಅದರ ಅಡಿಗೂ ಜಾಗ ಸಾಕಾ ನೋಡಿ. 2 ಮಿ.ಮೀ. ಫೋಮ್ ಸೇರಿದರೆ ನೆಲ 10 ಮಿ.ಮೀ. ಏಳುತ್ತದೆ.

ಮೊದಲ ಹಲಗೆ ಹಾಕುವ ಮುಂಚೆ ಕೋಣೆಯ ಅಗಲವನ್ನು ಹಲಗೆಯ ಅಗಲದಿಂದ ಭಾಗಿಸಿ. ಕೊನೆಗೆ 5 ಸೆಂ.ಮೀ.ಗಿಂತ ಸಣ್ಣ ಪಟ್ಟಿ ಉಳಿಯುವುದಾದರೆ ಮೊದಲ ಸಾಲನ್ನೂ ಉದ್ದಕ್ಕೆ ಸೀಳಿ, ಎರಡೂ ಕಡೆ ಹಂಚಿಕೊಳ್ಳಿ. ಗೋಡೆ ನೇರ ಇದೆ ಅಂತ ನಂಬಲೇಬೇಡಿ. ಮೊದಲ ಸಾಲಿನ ಹಲಗೆಯನ್ನು ಸ್ಕರ್ಟಿಂಗ್ ಪಕ್ಕ ಇಟ್ಟು, ಸಣ್ಣ ಮರದ ತುಂಡಿಗೆ ಪೆನ್ಸಿಲ್ ಒತ್ತಿ ಹಿಡಿದು, ಆ ತುಂಡನ್ನು ಸ್ಕರ್ಟಿಂಗ್‌ಗೆ ತಾಗಿಸಿಕೊಂಡೇ ಎಳೆಯುತ್ತಾ ಹೋಗಿ. ಅದರ ಡೊಂಕು ಹಾಗೇ ಹಲಗೆಯ ಮೇಲೆ ಮೂಡುತ್ತದೆ. ಆ ಗೆರೆಗೆ ಕೊಯ್ದರೆ ಸಂದು ಉದ್ದಕ್ಕೂ ಒಂದೇ ಸಮ. ಜಿಗ್ ಸಾ ಅನ್ನುವ ಕರೆಂಟ್ ಗರಗಸದ ಬ್ಲೇಡ್ ಸಾಮಾನ್ಯವಾಗಿ ಮೇಲಕ್ಕೆ ಬರುವಾಗ ಕೊಯ್ಯುತ್ತದೆ, ಮೇಲ್ಮೈ ಚಕ್ಕೆ ಏಳುತ್ತದೆ. ಕೆಳಕ್ಕೆ ಕೊಯ್ಯುವ ಬ್ಲೇಡ್ ಕೇಳಿ ತನ್ನಿ. ಹಲಗೆ ಮಗುಚಿ ಕೊಯ್ಯಲು ಹೋದರೆ ಗೆರೆ ಅಡಿಗೆ ಹೋಗುತ್ತದೆ, ಎಡ ಬಲ ತಿರುಗಿ ಗೊಂದಲವಾಗುತ್ತದೆ.

ಮತ್ತೊಬ್ಬರು:
ಸಂದಿಗೆ ಸುಮ್ನೆ ಫಿಲ್ಲರ್ ತುಂಬಬೇಡಿ. ನಾನು ತುಂಬಿದ್ದು ಒಂದು ವರ್ಷದೊಳಗೆ ಬಿರುಕುಬಿಟ್ಟಿತು. ಕೆರೆದು ತೆಗೆಯುವುದೇ ದೊಡ್ಡ ಕೆಲಸವಾಯಿತು. ಕಲ್ಲಿನ ಕಂಬದ ಬುಡದಲ್ಲಿ, ಬೀಡಿಂಗ್ ಹೊಡೆಯಲು ಆಗದ ಜಾಗದಲ್ಲಿ, ಕಾರ್ಕ್ ಪಟ್ಟಿ ಇಟ್ಟೆ. ಒತ್ತಿದರೆ ತಗ್ಗುತ್ತದೆ, ಬಿಟ್ಟರೆ ಮತ್ತೆ ತುಂಬಿಕೊಳ್ಳುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಈಗಷ್ಟೇ ಅಳೆದು ನೋಡಿದೆ, ನನ್ನ ಸ್ಕರ್ಟಿಂಗ್ ದಪ್ಪ 12 ಮಿ.ಮೀ. ಮಾತ್ರ. ಅಂದರೆ ಅಡಿ ಕೊಯ್ಯುವ ದಾರಿ ನನಗಿಲ್ಲ, ಬೀಡಿಂಗೇ ಗತಿ. ಸ್ಕರ್ಟಿಂಗ್ ಬಣ್ಣವನ್ನೇ ಬಳಿಯುತ್ತೇನೆ. ಬಾಗಿಲ ಚೌಕಟ್ಟಿನ ಕಾಲು ಮಾತ್ರ ಕೊಯ್ಯುತ್ತೇನೆ, ಕೆಲಸ ಅಲ್ಲಿಂದಲೇ ಶುರು. ಹಲಗೆಯ ಪೆಟ್ಟಿಗೆಗಳನ್ನು ಇವತ್ತು ಅದೇ ಕೋಣೆಯಲ್ಲಿ ಮಲಗಿಸಿ ಇಟ್ಟಿದ್ದೇನೆ. ಅಲ್ಲಿಯ ಹವೆಗೆ ಒಗ್ಗಲು 48 ಗಂಟೆ ಬಿಡಬೇಕಂತೆ. ಅಷ್ಟರಲ್ಲಿ ಪಟ್ಟಿಗಳಿಗೆ ಬಣ್ಣ ಬಳಿದು ಮುಗಿಸುತ್ತೇನೆ.