ಕಲರ್ ತೆಗೆದ್ರೆ ಕೆಲವು ಫೋಟೋಗೆ ಮಾತ್ರ ಜೀವ ಬರುತ್ತಲ್ಲ, ಯಾಕೆ?

ಒಂಟಿಕೊಪ್ಪಲ್ ಹುಡ್ಗ: ನಿನ್ನೆ ದೇವರಾಜ ಮಾರ್ಕೆಟ್‌ಗೆ ಹೋಗಿದ್ದೆ, ಕುಂಕುಮದ ರಾಶಿ ಕಲರ್‌ನಲ್ಲಿ ಸೂಪರ್, ಬ್ಲಾಕ್ ಅಂಡ್ ವೈಟ್ ಮಾಡಿದ್ರೆ ಬೂದಿಗುಡ್ಡೆ ಥರ ಕಾಣ್ಸುತ್ತೆ, ಆದ್ರೆ ಹೂ ಕಟ್ತಿದ್ದ ಅಜ್ಜಿ ಫೋಟೋ ಕಲರ್ ತೆಗೆದ್ಮೇಲೇ ಎದ್ದು ಬಂತು. ಯಾಕ್ ಹಿಂಗೆ?

ಹಳೇ ರೀಲು: ಕುಂಕುಮದಲ್ಲಿ ಇರೋದೇ ಬಣ್ಣ ಗುರು, ಅದನ್ನೇ ಕಿತ್ಕೊಂಡ್ರೆ ಇನ್ನೇನಿದೆ. ಅಜ್ಜಿ ಮುಖದಲ್ಲಿ ಸುಕ್ಕು, ಬೆಳಕು, ನೆರಳು ಎಲ್ಲಾ ಇದೆ, ಹಿಂದೆ ನೀಲಿ ಟಾರ್ಪಾಲು ಏನಾದ್ರೂ ಕಣ್ಣು ಎಳೀತಿತ್ತಾ? ನಮ್ಮ ಮೈಸೂರಿನ ಫೋಟೋಗ್ರಾಫರ್ ಟಿ.ಎಸ್. ಸತ್ಯನ್ (1923–2009) ತೆಗೆದ ಫೋಟೋಗಳ್ನ ನೋಡು, ಮಕ್ಳ ಮುಖ ನೋಡ್ತಾ ನೋಡ್ತಾ ಬಣ್ಣ ಇಲ್ಲ ಅನ್ನೋದೇ ಮರ್ತೋಗುತ್ತೆ.

ಮಂಡ್ಯ ಕ್ಲಿಕ್: ಬ್ಲಾಕ್ ಅಂಡ್ ವೈಟ್ ಎಡಿಟಿಂಗ್‌ನಲ್ಲಿ ರೆಡ್ ಸ್ಲೈಡರ್ (ಕೆಂಪು ಭಾಗ ಎಷ್ಟು ಬೆಳ್ಳಗೆ ಕಾಣ್ಬೇಕು ಅಂತ ಹೇಳೋ ಕಂಟ್ರೋಲು) ಮೇಲೆತ್ತಿ, ಕುಂಕುಮ ಬೆಳ್ಳಗಾಗುತ್ತೆ. ಫಿಲ್ಮ್ ರೀಲ್ ಕಾಲದಲ್ಲಿ ಲೆನ್ಸಿಗೆ ಕೆಂಪು ಫಿಲ್ಟರ್ ಹಾಕೋರು, ನೀಲಿ ಆಕಾಶ ಕಪ್ಪಗಾಗಿ ಮೋಡ ಎದ್ದು ಕಾಣೋದು.

ಒಂಟಿಕೊಪ್ಪಲ್ ಹುಡ್ಗ: ಟಾರ್ಪಾಲು ಇತ್ತು ಸಾರ್, ಹೆಂಗ್ ಗೊತ್ತಾಯ್ತು ನಿಮ್ಗೆ 😄